ಬಣ್ಣದ ಡಬ್ಬಿಯಲ್ಲಿ ಬಾಣಂತಿಯ ಉಂಡಿ

ಕಳೆದ ತಿಂಗಳು ಬನಹಟ್ಟಿಯ ಸಂತೆಯಲ್ಲಿ ವ್ಯಾಪಾರಿಯೊಬ್ಬರು ನೂಲಿಗೆ ಹಾಕುವ ಬಣ್ಣದ ಪುಡಿಯ ಖಾಲಿ ಡಬ್ಬಿಗಳನ್ನು ತೊಳೆದು, ಅಡುಗೆಮನೆಗೆ ಛಲೋ ಎಂದು ಮಾರುತ್ತಿದ್ದರು. ಮೇಲಿನ ಚೀಟಿಗಳನ್ನೆಲ್ಲ ಕೆರೆದು ತೆಗೆದಿದ್ದರು. ನಾನು ಎತ್ತಿಕೊಂಡ ಡಬ್ಬಿಯ ತಳದಲ್ಲಿ ಮಾತ್ರ ಒಂದು ಚೂರು ಉಳಿದಿತ್ತು. ಇದರಲ್ಲಿ ಸೀಸ ಮತ್ತು ಕ್ರೋಮಿಯಂ ಇದೆ, ಆಹಾರ ಇಡಬಾರದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಪಕ್ಕದಲ್ಲಿ ತೇರದಾಳದ ಹೆಣ್ಣುಮಗಳೊಬ್ಬರು ಡಬ್ಬಿ ಆರಿಸುತ್ತಿದ್ದರು. "ಮುಚ್ಚಳ ಎಷ್ಟ ಬಿಗಿ ಐತಿ ನೋಡ್ರಿ, ಒಂದ ಇರವಿ ಹೋಗಂಗಿಲ್ಲ" ಎಂದರು. ನಾನು ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿ ಹೇಳಿದೆ. ನಿಮ್ಮ ಮನೆಯಲ್ಲೂ ಇದರಲ್ಲೇ ತಿನ್ನುವುದನ್ನು ಇಡುತ್ತೀರಾ ಎಂದು ವ್ಯಾಪಾರಿಯನ್ನು ಕೇಳಿದೆ.

"ಏ, ನಮ್ಮನ್ಯಾಗ ಎಲ್ಲಾ ಸ್ಟೀಲಿನವು ಅದಾವ್ರಿ. ನಿಮಗ ಬ್ಯಾಡಾದ್ರ ಇಟ್ಟ ಹೋಗ್ರಿ, ಮಂದೀನ ಯಾಕ ಕೆಡಸಾಕತ್ತೀರಿ?" ಎಂದರು ಅವರು, ನಗುತ್ತಲೇ. ಚೀಟಿ ಕೆರೆಯುವಾಗ ಅದರಲ್ಲೇನಿದೆ ಎಂಬುದು ಅವರಿಗೆ ಗೊತ್ತಿತ್ತು ಎಂದು ಆ ಮಾತಿನಿಂದಲೇ ತಿಳಿಯಿತು.

ಆ ತಾಯಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. "ಹ್ವಾದ ಸಂತ್ಯಾಗ ಒಂದ ಒಯ್ದೇನ್ರಿ ಯಪ್ಪಾ. ಬಾಣಂತಿ ಮಗಳಿಗಿ ಮಾಡಿದ ಅಂಟಿನುಂಡಿ ಅದರಾಗ ತುಂಬಿಟ್ಟೇನಿ. ಆಕಿ ದಿನಾ ತಿನ್ನಾಕತ್ತಾಳ, ಕೂಸು ಆಕೀ ಹಾಲ ಕುಡಿಯಾಕತ್ತೈತಿ" ಎಂದವರೇ ಬಸ್ಸಿನತ್ತ ಓಡಿದರು. ನಾನೂ ಹಿಂದೆಯೇ ಹೋಗಿ ಅವರ ಫೋನ್ ನಂಬರು ತೆಗೆದುಕೊಂಡೆ.

ಮರುದಿನ ಜಮಖಂಡಿಯ ಆಸ್ಪತ್ರೆಯಲ್ಲಿ ಬಾಣಂತಿ ಮತ್ತು ಕೂಸಿನ ರಕ್ತ ತೆಗೆದು, ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದರು. ನಿನ್ನೆ ಫೋನ್ ಮಾಡಿದ್ದೆ. ವರದಿ ಇನ್ನೂ ಬಂದಿಲ್ಲ.