ರೇಡಿಯೊದಲ್ಲಿ ಮಾವನ ಹೆಸರು

ಇವತ್ತು ಸಂಜೆ ಗುಂಡ್ಲುಪೇಟೆಯಲ್ಲಿ ಲಾರಿ ಡ್ರೈವರೊಬ್ಬನ ಮೊಬೈಲಿನಿಂದ ಮಲಯಾಳಂ ಫುಟ್‌ಬಾಲ್ ಕಾಮೆಂಟರಿ ಕೇಳಿಸಿತು. ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು.

ಮಾದೇಶ ಮಾವ ಮಿಲಿಟರಿಯವರು ಕಟ್ಟಿದ ಫುಟ್‌ಬಾಲ್ ಕ್ಲಬ್ಬಿಗೆ ಆಡುತ್ತಿದ್ದ. ಕೇರಳದಲ್ಲಿ ಅವನ ಮ್ಯಾಚಿದ್ದರೆ ಅಜ್ಜಿ ನನ್ನನ್ನೂ ಎಳೆದುಕೊಂಡು ಹೆದ್ದಾರಿ ಬದಿಯ ಮಲಯಾಳಿ ಕಾಕನ ಟೀ ಅಂಗಡಿಗೆ ಹೋಗುತ್ತಿದ್ದಳು. ಅವನ ರೇಡಿಯೊದ ಮಲಯಾಳಂ ನಮಗಿಬ್ಬರಿಗೂ ತಿಳಿಯದು. ಮಾವನ ಹೆಸರು ಬಂದರೆ ಸಾಕು, ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ದಿನ ಆ ಹೆಸರು ಮೇಲಿಂದ ಮೇಲೆ ಬಂತು.

"ಕೇಳ್ದೇನಮ್ಮಿ? ಬರೀ ನನ್ ಮಗಂದೇ ಎಸ್ರು ಕಣಮ್ಮಿ!" ಎಂದು ಅಜ್ಜಿ ಹಿಗ್ಗಿದಳು.

ಕಾಕ ಟೀ ಹೊಯ್ಯುವುದನ್ನು ನಿಲ್ಲಿಸಿ ರೇಡಿಯೊ ಸದ್ದು ತಗ್ಗಿಸಿದ.

"ಯಾಕಪ್ಪಾ, ಸೌಂಡ್ ಕಮ್ಮಿ ಮಾಡ್ಬುಟ್ಟೆ? ಗೋಲಾ?" ಎಂದಳು ಅಜ್ಜಿ.

ಅವನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ "ಕೂತ್ಕೊಳ್ಳಮ್ಮಾ" ಎಂದಷ್ಟೇ ಹೇಳಿದ. ಮೈದಾನದಲ್ಲಿ ಮಾವನ ಮೊಣಕಾಲು ಮುರಿದಿತ್ತು; ಹೆಸರು ಅಷ್ಟು ಸಲ ಬಂದದ್ದು ಅದಕ್ಕೇ. ಅವನು ಮತ್ತೆಂದೂ ಆಡಲಿಲ್ಲ.

ಇವತ್ತೂ ನನಗೆ ಕಾಮೆಂಟರಿ ತಿಳಿಯಲಿಲ್ಲ. ಅವತ್ತು ಕಾಕನ ಮುಖ ನೋಡಿದ ಹಾಗೆ ಡ್ರೈವರನ ಮುಖವನ್ನೇ ನೋಡುತ್ತ ನಿಂತಿದ್ದೆ.