ಮೊಣಕಾಲೆತ್ತರದ ಟೊಮೆಟೊ

ಆಗೆಲ್ಲ ನಮ್ಮ ಮನೆಯ ಬಿಸಿಲು ಕಾಫಿಗೆ ಸೇರಿದ್ದು. ತೊಂಬತ್ತರ ದಶಕದ ಮಾತು, ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಆಲೂರಿನಿಂದ ಸಕಲೇಶಪುರದ ಕಡೆ ಹೋಗುವಾಗ ಒಳದಾರಿಗೆ ತಿರುಗಿದರೆ ಸಿಗುವ ದಿಬ್ಬದ ಮೇಲೆ ನಮ್ಮ ಮನೆ. ಸುತ್ತಲೂ ಸಿಲ್ವರ್ ಮರ, ಮರದ ಕೆಳಗೆ ಕಾಫಿ, ಕಾಫಿಯ ಕೆಳಗೆ ಕತ್ತಲೆ. ಬಿಸಿಲು ನೇರವಾಗಿ ನೆಲ ಮುಟ್ಟುತ್ತಿದ್ದದ್ದು ಮನೆಯ ಮುಂದಿನ ಕಣದಲ್ಲಿ ಮಾತ್ರ. ಅಲ್ಲಿ ಕುಯ್ಲಿನ ಕಾಲವಿಡೀ ಕಾಫಿ ಹಣ್ಣು ಹರಡಿಕೊಂಡಿರುತ್ತಿತ್ತು. ಬೆಲ್ಲದ ನೀರು ಹುಳಿಬಂದ ಹಾಗಿನ ಆ ವಾಸನೆ ನಮ್ಮ ತಲೆಗೂದಲಿಗೂ ಹತ್ತಿರುತ್ತಿತ್ತು. ಮನೆಯವರ ಬಟ್ಟೆ ಒಣಗಬೇಕಾದರೂ ಕಾಫಿಯ ಅಪ್ಪಣೆ ಬೇಕಾಗಿತ್ತು ಅನ್ನಿ.

ಕಾಫಿಯ ಪರವಾಗಿ ಅಪ್ಪಣೆ ಕೊಡುತ್ತಿದ್ದವರು ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ. ಮನೆಯ ಯಜಮಾನಿಕೆ ಅವರದೇ. ಆಳು ಕುಳ್ಳ, ದನಿ ಮಾತ್ರ ಕೆಳಗಿನ ತೋಟದವರೆಗೂ ಕೇಳುತ್ತಿತ್ತು. ಸೊಸೆಯಾಗಿ ಬಂದ ನಮ್ಮವ್ವನಿಗೆ ಆ ಮನೆಯಲ್ಲಿ ತಾನೇ ಆರಿಸಿದ್ದು ಅಂತ ಒಂದು ಚಮಚವೂ ಇರಲಿಲ್ಲ. ಸೀರೆಯ ಬಣ್ಣವನ್ನೂ ಬೇರೆಯವರೇ ಆರಿಸಿ ತರುತ್ತಿದ್ದರು. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಕಣದ ಅಂಚಿನಲ್ಲಿ ಒಂದು ಸಾಲು ಟೊಮೆಟೊ.

"ಗಿಡ ಎತ್ರ ಆದ್ರೆ ಬೆಳಗಿನ ನೆರಳು ಕಾಫಿ ಮ್ಯಾಲೆ ಬೀಳ್ತದೆ. ಕಾಫಿ ಬೂಸ್ಟು ಹಿಡಿದ್ರೆ ನಿಮ್ಮಪ್ಪ ಬತ್ತಾನಾ ಒಣಗ್ಸಕೆ?" ಅಂದರು ದೊಡ್ಡಪ್ಪ. ಆಮೇಲೆ ಏನನ್ನಿಸಿತೋ, "ಹಾಕ್ಕೊ ಹೋಗು. ಮೊಣಕಾಲು ದಾಟಿದ್ರೆ ಕಿತ್ತು ಬಿಸಾಕ್ತೀನಿ" ಅಂತ ಸೇರಿಸಿದರು.

"ಯಾರ ಮೊಣಕಾಲು ಭಾವ?" ಅಂತ ಅವ್ವ ಕೇಳಿದಳು. ನಮ್ಮಪ್ಪ ಉದ್ದನೆ ಆಳು.

"ನಂದು ಕಣಮ್ಮ. ಇನ್ಯಾರ್ದು?"

ಮೊದಲ ವರ್ಷ ಆಲೂರು ಸಂತೆಯಿಂದ ಸಸಿ ತಂದು ನೆಟ್ಟಳು. ಮಾರುವವನು ಕುಳ್ಳ ಜಾತಿ ಅಂತ ಆಣೆ ಹಾಕಿ ಕೊಟ್ಟಿದ್ದ. ಹಣ್ಣೇನೋ ಚಪ್ಪಟೆಯಾಗಿ ಚೆನ್ನಾಗಿ ಕಚ್ಚಿತು, ಆದರೆ ಗಿಡ ನಿಲ್ಲುವ ಲಕ್ಷಣವೇ ಕಾಣಲಿಲ್ಲ. ದೊಡ್ಡಪ್ಪ ದಿನಾ ಬೆಳಿಗ್ಗೆ ಕಣದ ಕಾಫಿ ಎಳೆದು ಹರಡುವ ಹಲಗೆ ಹಿಡಿದು ಬಂದು, ಪಂಚೆ ಎತ್ತಿ, ಒಂದೊಂದೇ ಗಿಡದ ಪಕ್ಕ ಕಾಲಿಟ್ಟು ನೋಡುತ್ತಿದ್ದರು. ಒಂದು ದಿನ ಇಡೀ ಸಾಲು ಕಿತ್ತರು. ಅವ್ವ ಕಾಯಿಗಳನ್ನು ಮಡಿಲಿಗೆ ಆರಿಸಿಕೊಂಡು ಬಂದು, ಹಸಿಮೆಣಸಿನಕಾಯಿ ಹಾಕಿ ಹುರಿದು ಚಟ್ನಿ ಅರೆದಳು. ದೊಡ್ಡಪ್ಪ ಅಕ್ಕಿರೊಟ್ಟಿಗೆ ಅದನ್ನು ಬಳಿದುಕೊಂಡು ತಿಂದು, "ಇನ್ನೊಂಚೂರು ಹಾಕು" ಅಂದರು.

"ಮುಗೀತು ಭಾವ. ಬುಡಸಮೇತ ಕಿತ್ತಿದ್ರಲ್ಲ" ಅಂದಳು ಅವ್ವ. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

ಅವ್ವನಿಗೆ ಹಟ ಹಿಡಿದದ್ದು ಆಮೇಲೆ. ಮೊಣಕಾಲಿಗಿಂತ ಕೆಳಗೇ ನಿಲ್ಲುವ, ಆದರೂ ತಿನ್ನಲು ರುಚಿಯಿರುವ ಗಿಡ ಬೇಕೇ ಬೇಕು ಅಂತ ಹೊರಟಳು. ದೋಣಿಗಲ್ ಹತ್ತಿರದ ತವರಿನಿಂದ ಒಂದು ಜಾತಿ ತಂದಳು. ಗೋಲಿಯಷ್ಟು ಕೆಂಪು ಹಣ್ಣು, ಹುಳಿ ಅಂದರೆ ಹುಳಿ, ಸಾರಿಗೆ ಎರಡು ಹಿಚುಕಿದರೆ ಹುಣಸೆಹಣ್ಣು ಬೇಡ. ಅದಕ್ಕೆ ನಾನು ಹುಳಿಬುಡ್ಡಿ ಅಂತ ಹೆಸರಿಟ್ಟೆ. ಇನ್ನೊಂದನ್ನು ಕೊಟ್ಟವರು ಸಕಲೇಶಪುರದ ಜುಬೇದಾ ಚಿಕ್ಕಮ್ಮ, ಅವ್ವನ ಜೊತೆ ಓದಿದವರು. ಅವರಣ್ಣ ಲಾರಿಯಲ್ಲಿ ನೀಲಗಿರಿ ಕಡೆ ಹೋದಾಗ ತಂದಿದ್ದ ಬೀಜವನ್ನು ಅವರು ಮನೆ ಹಿಂದೆ ಎಣ್ಣೆ ಡಬ್ಬದಲ್ಲಿ ಬೆಳೆಸುತ್ತಿದ್ದರು. ಹಳದಿ ಹಣ್ಣು. ಕಚ್ಚಿದರೆ ಮೊದಲು ಸಿಹಿ, ನುಂಗುವಾಗ ಸಣ್ಣ ಹುಳಿ. ಅದು ಅರಿಶಿನದವಳು.

ಆ ಸುಗ್ಗಿಯಲ್ಲಿ ಎರಡೂ ಮೊಣಕಾಲಿನ ಕೆಳಗೇ ನಿಂತವು. ಶಾಲೆಯಿಂದ ಬಂದವಳೇ ನಾನು ಲಂಗದ ಅಂಚಿನಲ್ಲಿ ಉಪ್ಪು ಕಟ್ಟಿಕೊಂಡು ಅರಿಶಿನದವಳ ಹತ್ತಿರ ಕೂರುತ್ತಿದ್ದೆ. ಎಲೆ ಸವರಿದ ಕೈಗೆಲ್ಲ ಹಸಿರು ಘಾಟು. "ಯಾವ್ದು ಇಟ್ಕೊಳ್ಳೋಣ್ವೆ? ಇರೋದೊಂದು ಸಾಲು" ಅಂತ ಅವ್ವ ಕೇಳಿದರೆ ನಾನು ಹಳದಿ ಅನ್ನುತ್ತಿದ್ದೆ, ಅವಳು ಸಾರಿಗೆ ಕೆಂಪು ಅನ್ನುತ್ತಿದ್ದಳು. ಹೇಳುತ್ತಲೇ ಹಳದಿಯದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಎರಡರದ್ದೂ ಬೀಜ ತೆಗೆದಳು. ಬೂದಿಯಲ್ಲಿ ಉಜ್ಜಿ, ಸಗಣಿಯಲ್ಲಿ ಕಲಸಿ, ಅಡುಗೆಮನೆಯ ಹಿಂದಿನ ಗೋಡೆಗೆ ಬಟ್ಟುಬಟ್ಟಾಗಿ ತಟ್ಟಿದಳು. ನಮ್ಮ ಕಡೆ ಸೌತೆ, ಕುಂಬಳ ಎಲ್ಲದರ ಬೀಜಕ್ಕೂ ಗೋಡೆಯೇ ಪೆಟ್ಟಿಗೆ. ಎಡಕ್ಕೆ ಕೆಂಪು, ಬಲಕ್ಕೆ ಹಳದಿ ಅಂತ ನನಗೂ ತೋರಿಸಿಟ್ಟಳು.

ಯುಗಾದಿ ಹತ್ತಿರ ಬಂತು. ಅವ್ವ ತವರಿಗೆ ಹೋಗಿದ್ದಳು, ನಾನೂ ಜೊತೆಗಿದ್ದೆ. ವರ್ಷವರ್ಷವೂ ಮನೆಗೆ ಸುಣ್ಣ ಬಳಿಯುವುದು ದೊಡ್ಡಪ್ಪನ ಕೆಲಸ, ಆಳಿಗೆ ಬಿಡುತ್ತಿರಲಿಲ್ಲ. ವಾಪಸ್ ಬಂದು ನೋಡಿದರೆ ಹಿಂದಿನ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಭಾವ, ಬೀಜ ಎಲ್ಲಿ?"

"ಯಾವ ಬೀಜ? ಸಗಣಿ ಮೆತ್ಕೊಂಡಿತ್ತು, ಹಬ್ಬ ಅಲ್ವಾ, ಕೆರೆದು ತಿಪ್ಪೆಗೆ ಹಾಕ್ಬುಟ್ಟೆ."

"ತಿಪ್ಪೆ ಎಲ್ಲಿ?"

"ಗೊಬ್ರ ಎಲ್ಲ ಕೆಳಗಿನ ಕಾಫಿಗೆ ಹೋಯ್ತಲ್ಲ." ಆಗಲೇ ಅವರಿಗೆ ಅರ್ಥವಾಗಿರಬೇಕು. ಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡು ಆಚೆ ಹೋದರು.

ಅವ್ವ ಅಳಲಿಲ್ಲ. ಅತ್ತಿದ್ದರೆ ನಮಗಾದರೂ ಸಮಾಧಾನವಾಗುತ್ತಿತ್ತು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಕೆಂಪಿನದ್ದು ತವರಲ್ಲಿ ಯಾವತ್ತೂ ಸಿಗುತ್ತದೆ, ಹಳದಿಗೆ ಜುಬೇದಾ ಚಿಕ್ಕಮ್ಮನೇ ಗತಿ. ಅವರು ವಿಷಯ ಕೇಳಿ ಹಣೆಗೆ ಕೈ ಹಚ್ಚಿದರು. "ನಿನ್ನತ್ರ ಐತಲ್ಲ ಅಂತ ಈ ಸಲ ನಾನು ಬೀಜ ಇಟ್ಕೊಳ್ಳಲೇ ಇಲ್ಲ ಕಣೆ. ಅಣ್ಣನೂ ಆ ಕಡೆ ಲಾರಿ ಬಿಟ್ಬುಟ್ಟ." ಟೀ ಕೊಟ್ಟರು, ಬಿಸ್ಕತ್ತು ಕೊಟ್ಟರು.

ಬಸ್ಸಿನಲ್ಲಿ ಅವ್ವ ಕಿಟಕಿಯ ಆಚೆ ನೋಡುತ್ತಾ, "ಬೀಜ ಸತ್ತಿಲ್ಲ. ಜಾಗ ಬದಲಾಗೈತೆ, ಅಷ್ಟೇಯ" ಅಂದಳು.

ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ ಬಿದ್ದು ವಾರವಾಗಿರಬಹುದು, ಕೆಳಗಿನ ತೋಟದಲ್ಲಿ ಗೊಬ್ಬರ ಹಾಕಿದ ಬುಡದಲ್ಲೆಲ್ಲ ಸಸಿ ಎದ್ದವು. ಹಾಗಲ, ಮೆಣಸು, ಮುಸುರೆಯ ಜೊತೆ ತಿಪ್ಪೆ ಸೇರಿದ್ದ ಸಂತೆ ಟೊಮೆಟೊ, ಎಲ್ಲ ಕಲಸುಮೇಲೋಗರ. ಅವ್ವ ನನಗೆ ಗುರುತು ಹೇಳಿಕೊಟ್ಟಳು. ಎತ್ತರ ಹೋಗುವುದರ ಎಲೆ ನಯ, ಕಾಂಡ ದಾರದಂತೆ. ಕುಳ್ಳ ಜಾತಿಯದು ಹುಟ್ಟುತ್ತಲೇ ಗಿಡ್ಡ, ಎಲೆ ಕರಿಹಸಿರು, ಸುಟ್ಟ ಹಪ್ಪಳದಂತೆ ಸುಕ್ಕು. ದಿನಾ ಕೆಲಸ ಮುಗಿಸಿ ಅವಳು, ಶಾಲೆ ಮುಗಿಸಿ ನಾನು, ಕಾಫಿ ಗಿಡಗಳ ಕೆಳಗೆ ಕುಕ್ಕರಗಾಲಲ್ಲಿ ತೆವಳಿದೆವು. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದರೂ ಕಿತ್ತೆಸೆದು ಮುಂದಕ್ಕೆ. ಅಪ್ಪ, "ಬುಡೇ ಮಾರಾಯ್ತಿ, ಜನ ನಗ್ತಾರೆ" ಅಂದರೆ, "ನಗ್ಲಿ, ಕೆಲಸಕ್ಕೇನೂ ಅಡ್ಡಿ ಇಲ್ಲ" ಅಂದಳು.

ಒಂದು ಮಂಕರಿಯ ತಳ ಮುಚ್ಚುವಷ್ಟು ಸಿಕ್ಕವು. ಸುಕ್ಕೆಲೆ ಎರಡು ಜಾತಿಗೂ ಒಂದೇ, ಯಾವುದು ಕೆಂಪು ಯಾವುದು ಹಳದಿ ಅಂತ ಹಣ್ಣಾಗುವತನಕ ದೇವರಿಗೂ ತಿಳಿಯದು. ಡಬ್ಬದಲ್ಲಿ ನೆಟ್ಟು ಸೂರಿನ ಕೆಳಗಿಟ್ಟಳು. ಆ ಗಿಡಗಳು ಬಿಸಿಲಿಲ್ಲದೆ, ಒಂದು ಕಾಯೂ ಕಚ್ಚದೆ ಮಳೆಗಾಲದಲ್ಲೇ ಮುದಿಯಾದವು, ಕೆಲವು ಕೊಳೆತವು. ಅವ್ವ ಚಿಗುರು ಮುರಿದು ಮುರಿದು ಊರಿ ಬೇರು ಬರಿಸಿ ಜೀವ ಹಿಡಿದಳು. ನವರಾತ್ರಿ ಕಳೆದ ಮೇಲೆ ಕಣದ ಅಂಚಿಗೆ ಸಾಲು ಹಿಡಿಸಿದಳು. ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಹಣ್ಣು ಬಣ್ಣ ತಿರುಗಿತು. ಮೊದಲನೆಯದು ಕೆಂಪು. ಎರಡನೆಯದೂ ಕೆಂಪು. ಹುಳಿಬುಡ್ಡಿಯನ್ನು ನಾನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಕಣದ ಮೂಲೆಯಲ್ಲಿ ಒಂದು ಗಿಡ ತಡವಾಗಿ ಕಾಯಿ ಬಿಟ್ಟಿತ್ತು. ಸೂರಿನ ಕೆಳಗೆ ಬೆಳಕಿಗೆ ಕತ್ತು ಚಾಚಿ ಬೆಳೆದದ್ದು, ಕಾಯೆಲ್ಲ ಇನ್ನೂ ಹಸಿರು. ಆ ಬೆಳಿಗ್ಗೆ ದೊಡ್ಡಪ್ಪ ಅದರ ಪಕ್ಕ ಪಂಚೆ ಎತ್ತಿ ಕಾಲಿಟ್ಟರು. ಗಿಡ ಅವರ ಮೊಣಕಾಲಿಗಿಂತ ಎರಡೆಲೆ ಮೇಲಿತ್ತು. ನೆರಳು ಹೋಗಿ ಕಾಫಿಯ ಮೇಲೆ ಬಿದ್ದಿತ್ತು.

ಅವ್ವ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಕೀಳೋದಾದ್ರೆ ಕೀಳಿ ಭಾವ. ತಿಪ್ಪೆಗೆ ಹಾಕಿ ಸಾಕು. ಮತ್ತೆ ಹುಡುಕಿ ತತ್ತೀನಿ" ಅಂದಳು. ದನಿ ಏರಿಸಲಿಲ್ಲ, ಸಾರಿಗೆ ಉಪ್ಪು ಸಾಕಾ ಅಂತ ಕೇಳುವ ಹಾಗೆ ಹೇಳಿದಳು.

ದೊಡ್ಡಪ್ಪ ಅವಳನ್ನೊಮ್ಮೆ, ಗಿಡವನ್ನೊಮ್ಮೆ ನೋಡಿದರು. ಆಮೇಲೆ ಹಲಗೆ ತೆಗೆದುಕೊಂಡು ಆ ಮೂಲೆಯ ಕಾಫಿಯನ್ನೆಲ್ಲ ನೆರಳಿನಿಂದ ಈಚೆಗೆ ಎಳೆದುಕೊಂಡರು. ಅವರ ಆಯುಸ್ಸಿನಲ್ಲಿ ಕಾಫಿ ಯಾರಿಗಾದರೂ ಜಾಗ ಬಿಟ್ಟುಕೊಟ್ಟಿದ್ದು ಅದೊಂದು ಸಲ.

ಆ ಗಿಡದ ಹಣ್ಣು ತಿರುಗಿದ್ದನ್ನು ಮೊದಲು ಕಂಡವರೂ ಅವರೇ. "ಏನೇ ಕೂಸೆ, ನಿನ್ನ ಅರಿಶಿನದವಳು ಬಂದವಳೆ" ಅಂತ ಕೂಗಿದರು. ಆ ಹೆಸರು ಅವರಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮುಂದಿನ ಯುಗಾದಿಗೆ ಹಿಂದಿನ ಗೋಡೆಗೆ ಸುಣ್ಣ ಬಳಿದರು, ಸಗಣಿ ಬಟ್ಟುಗಳ ಸುತ್ತ ಒಂದು ಗೇಣು ಜಾಗ ಹಾಗೇ ಬಿಟ್ಟು. ಅವರಿರುವತನಕ ಆ ಗೋಡೆಯಲ್ಲಿ ಆ ಮಾಸಲು ಚೌಕ ಇದ್ದೇ ಇತ್ತು.

ಈಗ ಆ ಗೋಡೆಗೆ ಪೇಂಟ್ ಆಗಿದೆ, ಕಣಕ್ಕೆ ಪ್ಲಾಸ್ಟಿಕ್ ಸೂರು ಬಂದಿದೆ, ಅವ್ವನಿಗೆ ಹುಳಿ ಆಗಿಬರುವುದಿಲ್ಲ. ನಾನು ಆಲೂರಿನಲ್ಲಿದ್ದೇನೆ. ತಾರಸಿಯ ಬಿಸಿಲೆಲ್ಲ ನನ್ನದೇ, ಅರಿಶಿನದವಳನ್ನು ಒಂದು ವರ್ಷವೂ ತಪ್ಪಿಸದೆ ಬೆಳೆಸಿಕೊಂಡು ಬಂದಿದ್ದೇನೆ. ಇವತ್ತು ಬೆಳಿಗ್ಗೆಯೂ ಪಕ್ಕದಲ್ಲಿ ಕಾಲಿಟ್ಟು ನೋಡಿದೆ. ನನ್ನ ಮೊಣಕಾಲಿಗೆ ಸರಿಯಾಗಿತ್ತು, ದೊಡ್ಡಪ್ಪನ ಮೊಣಕಾಲಿಗಾದರೆ ಎರಡೆಲೆ ಹೆಚ್ಚು. ಕಿತ್ತು ಬಿಸಾಕ್ತೀನಿ ಅನ್ನುವವರು ಯಾರೂ ಇಲ್ಲ.