ಹಸಿರು ಗುರುತಿನ ಹಸಿವು

ಅನ್ನವಿತ್ತ ಭಗವಂತನಿಗೂ, ಹಸಿದವರನ್ನು ಗುರುತಿಸಬಲ್ಲ ಕಣ್ಣುಗಳನ್ನು ಅಲ್ಲಲ್ಲಿ ಇರಿಸಿದ ಅವನ ಕರುಣೆಗೂ ಮೊದಲು ನಮಸ್ಕಾರ. ಅಂತಹ ಎರಡು ಕಣ್ಣುಗಳು ಮುಂಬಯಿ ಬಳಿಯ ಕಲ್ಯಾಣದ ನಮ್ಮ ಆಸ್ಪತ್ರೆಯಲ್ಲಿದ್ದವು. ಕಾಲು ಮುರಿದು ಬ್ಯಾಂಡೇಜು ಸುತ್ತಿಸಿಕೊಂಡ ಕನ್ನಡಕದ ಹಿಂದೆ. ಉಡುಪಿ ಕಡೆಯ ಆ ದಾದಿಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ನಾನೂ.

ಅದು ಆಸ್ಪತ್ರೆಗೆ ಕಂಪ್ಯೂಟರ್ ದಾಖಲೆ ಬಂದ ವರ್ಷ. ರೋಗಿಯ ಹೆಸರು ತೆರೆದೊಡನೆ ಅದು ಊಟ, ಮನೆ, ಓಡಾಟಗಳ ಕೊರತೆಯನ್ನು ವಿಚಾರಿಸುವುದು. ಕೊರತೆಯಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಪ್ರಶ್ನೆ ಓದುವ ಯುವ ಅಧಿಕಾರಿಗೆ ತಲೆಯೆತ್ತಿ ರೋಗಿಯ ಮುಖ ನೋಡುವ ಸೌಜನ್ಯವನ್ನು ಯಾರೂ ಕಲಿಸಿರಲಿಲ್ಲ. ರಕ್ತಪರೀಕ್ಷೆಗೆ ಹೋಗಿದ್ದ ನನ್ನನ್ನು ತಿಂಗಳಲ್ಲಿ ಎಷ್ಟು ದಿನ ಉಣ್ಣಲಿಲ್ಲವೆಂದು ಕೇಳಿದ. ನಾನು ಸತ್ಯ ನುಡಿದೆ: ಎರಡು ದಿನ. ಎರಡೂ ಏಕಾದಶಿ. ಕೆಂಪು ಮೂಡಿತು, ಮನೆಯಲ್ಲಿ ಅಕ್ಕಿಯ ಡಬ್ಬ ತುಂಬಿದ್ದ ನನಗೆ ಒಂದು ಚೀಲ ಗೋಧಿಹಿಟ್ಟು ಮಂಜೂರಾಯಿತು.

ಸಾಲಿನಲ್ಲಿ ನನ್ನ ಹಿಂದೆ ಪಕ್ಕದೂರು ಶಹಾಡಿನ ವೃದ್ಧರೊಬ್ಬರು. ಆಯುಷ್ಯವಿಡೀ ಹೋಟೆಲುಗಳಲ್ಲಿ ಸಾಂಬಾರು ಕುದಿಸಿದವರು; ಈಗ ಸಕ್ಕರೆ ಕಾಯಿಲೆ. ಸಾವಿರಾರು ಜನರಿಗೆ ಬಡಿಸಿದ ಕೈ ಪರರ ಮುಂದೆ ಹಸಿವನ್ನು ಒಪ್ಪಿಕೊಳ್ಳುವುದೇ? "ನಮ್ಗೆ ಊಟಕ್ಕೆ ಎಂತ ಕಮ್ಮಿ?" ಎಂದರು. ಹಸಿರು. ಆ ಯಂತ್ರದಷ್ಟು ದುಬಾರಿಯ ಕುರುಡುತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಿಸ್ಟರ್ ರಕ್ತ ತೆಗೆಯಲು ಅವರ ಕೈ ಹಿಡಿದವರು ಬೆರಳುಗಳನ್ನು ಮೂಸಿದರು.

"ಭಟ್ರೇ, ಬೆಳಿಗ್ಗೆ ಎಂತ ಮಾಡಿದ್ರಿ?"

"ಉಪ್ಪಿಟ್ಟು. ಸಾಸಿವೆ, ಉದ್ದು, ಕರಿಬೇವು..."

"ಕೈಯಲ್ಲಿ ಒಗ್ಗರಣೆ ವಾಸನೆಯೇ ಇಲ್ಲ ಮಾರಾಯ್ರೆ. ಬರೀ ಇನ್ಸುಲಿನ್ ತಕ್ಕೊಂಡು ಬಂದದ್ದಾ?"

ವೃದ್ಧರು ನೆಲ ನೋಡಿದರು. "ಸ್ಟವ್ ಹಚ್ಚದೆ ಮೂರು ದಿನ ಆಯ್ತು."

"ಕಾಯ್ಕೋ ಟೈಮ್ ವೇಸ್ಟ್, ಸಿಸ್ಟರ್? ಗ್ರೀನ್ ಹೈ ನಾ," ಎಂದ ಅಧಿಕಾರಿ ಹಿಂದಿಯಲ್ಲಿ, ಹಸಿರು ಬಂದ ಮೇಲೆ ಹೊತ್ತು ಹಾಳೇಕೆ ಎಂಬಂತೆ, ಪರದೆಯಿಂದ ಕಣ್ಣು ಕೀಳದೆ.

"ನಿನ್ನ ಗ್ರೀನನ್ನು ಚಟ್ನಿ ಹಾಕಿ ತಿನ್ಲಿಕ್ಕೆ ಆಗ್ತದಾ?" ಅವನಿಗೆ ತಿಳಿಯದ ಕನ್ನಡದಲ್ಲೇ ಹೇಳಿದರು ಸಿಸ್ಟರ್.

ಪರೀಕ್ಷಿಸಿದಾಗ ಸಕ್ಕರೆಯ ಮಟ್ಟ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಕುಡಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಆ ಜೀವ ಹಸಿರು ಗುರುತಿನೊಂದಿಗೇ ಹೋಗುತ್ತಿತ್ತು. ಬಳಿಕ ತಮ್ಮ ಡಬ್ಬಿಯ ನೀರುದೋಸೆ ಮುಂದಿಟ್ಟರು. ವೃದ್ಧರು ಮುಖ ತಿರುಗಿಸಿದರು.

"ತಿನ್ನಿ ಅಂತ ಹೇಳ್ಲಿಲ್ಲ ನಾನು. ಉಪ್ಪು ಸರಿ ಉಂಟಾ ನೋಡಿ ಹೇಳಿ."

ಅಡುಗೆಯವರು ಅದನ್ನು ನಿರಾಕರಿಸಲಾರರು. ಅಂದಿನಿಂದ ದಿನವೂ ಒಂದು ಡಬ್ಬಿ ಶಹಾಡಿಗೆ ಹೋಗತೊಡಗಿತು, ಉಪ್ಪು ನೋಡುವುದಕ್ಕೆ.

ಕಳೆದ ಮಾಘದಲ್ಲಿ ಸಿಸ್ಟರ್ ತೀರಿಕೊಂಡರು. ಡಬ್ಬಿ ಈಗ ನಮ್ಮ ಮನೆಯಿಂದ ಹೋಗುತ್ತದೆ. "ಸಿಸ್ಟರಿನ ಹದ ನಿಮ್ಗೆ ಬರ್ಲಿಲ್ಲ," ಎಂದು ಭಟ್ಟರು ನಿತ್ಯ ದೂರಿ, ಪೂರ್ತಿ ಉಣ್ಣುತ್ತಾರೆ.

ಬಡಿಸಿದವರಿಗೂ ಉಂಡವರಿಗೂ ಶುಭವಾಗಲಿ. ಪ್ರಶ್ನೆ ಓದಿದ ಆ ಅಧಿಕಾರಿಗೂ ಶುಭವಾಗಲಿ. ಅವನು ಹಸಿದ ದಿನ, ತಲೆಯೆತ್ತಿ ನೋಡುವವರೊಬ್ಬರು ಅವನೆದುರಿಗಿರಲಿ.